ಡೇಟಾ ಎಲ್ಲಿರಬೇಕೆಂದು ಹೇಳಬೇಕಾದವರು ಯಾರು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಸಹಕಾರಿ ಬ್ಯಾಂಕಿನ ಐಟಿ ಅಧಿಕಾರಿ, ಸ್ಕ್ಯಾನಿಂಗ್ ಸೆಂಟರ್ ನಡೆಸುವವರು, ಎಂಜಿನಿಯರಿಂಗ್ ಕಾಲೇಜಿನ ಸಿಸ್ಟಂ ಅಡ್ಮಿನ್, ಎಲ್ಲರದೂ ಒಂದೇ ಗೋಳು. ಸ್ಟೋರೇಜ್ ತುಂಬಿದೆ, ಹೊಸದಕ್ಕೆ ಕೊಟೇಶನ್ ತಂದರೆ ಮ್ಯಾನೇಜ್‌ಮೆಂಟ್ ಒಪ್ಪುವುದಿಲ್ಲ, ಹಳೆಯದನ್ನು ಅಳಿಸಲು ಧೈರ್ಯವಿಲ್ಲ. ಕೊನೆಗೆ ಕೇಳುತ್ತಾರೆ: ‘ಬೇಡದ ಡೇಟಾವನ್ನು ತಾನಾಗಿಯೇ ಅಗ್ಗದ ಜಾಗಕ್ಕೆ ಸಾಗಿಸುವ ಸಾಫ್ಟ್‌ವೇರ್ ಇದೆಯಂತಲ್ಲ, ಯಾವುದು ತಗೊಳ್ಳೋಣ?’

ಸಾಫ್ಟ್‌ವೇರ್ ಇದೆ. ಒಳ್ಳೆಯವು ಹಲವು ಇವೆ. ಸಾಗಿಸುವ ಕೆಲಸವನ್ನು ಯಂತ್ರಗಳು ಕಲಿತು ನಾಲ್ಕು ದಶಕದ ಮೇಲಾಯಿತು. ಆ ಪ್ರಶ್ನೆಯೊಳಗಿನ ‘ಬೇಡದ’ ಎಂಬ ಮಾತನ್ನು ಯಾರು ನಿರ್ಧರಿಸುತ್ತಾರೆ ಎಂಬಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಹಾಗಾಗಿ ಈ ಸಲ ಯಾವ ಬ್ರ್ಯಾಂಡನ್ನೂ ಹೊಗಳದೆ ಆ ಒಂದು ಮಾತಿನ ಬೆನ್ನು ಹತ್ತುತ್ತೇನೆ.

ಮೊದಲು ಸ್ಟೋರೇಜಿನ ಪದರಗಳ ವಿಷಯ. ಮೇಲಿನ ಪದರ ಎಸ್‌ಎಸ್‌ಡಿ. ಕೇಳಿದ್ದು ರೆಪ್ಪೆ ಬಡಿಯುವಷ್ಟರಲ್ಲಿ ಸಿಗುತ್ತದೆ, ಬೆಲೆ ಹೆಚ್ಚು. ಅದರ ಕೆಳಗೆ ತಿರುಗುವ ಹಾರ್ಡ್ ಡಿಸ್ಕ್. ಅದಕ್ಕೂ ಕೆಳಗೆ ಟೇಪ್. ಟೇಪಿನ ಕಾಲ ಮುಗಿಯಿತು ಎಂದುಕೊಂಡವರು ಬಹಳ ಮಂದಿ. 2021ರಲ್ಲಿ ಮಾರುಕಟ್ಟೆಗೆ ಬಂದ ಎಲ್‌ಟಿಒ-9 ಕಾರ್ಟ್ರಿಜ್ ಒಂದೇ 18 ಟಿಬಿ ಹಿಡಿಸುತ್ತದೆ, ಕಪಾಟಿನಲ್ಲಿ ಕೂತಿರುವಷ್ಟು ದಿನ ಕರೆಂಟನ್ನೂ ಕೇಳುವುದಿಲ್ಲ. ಕ್ಲೌಡ್‌ನಲ್ಲೂ ಇದೇ ಏರ್ಪಾಡು. ಅಮೆಜಾನ್‌ನ ಎಸ್3 ಸೇವೆಯಲ್ಲಿ, ಅಮೆರಿಕದ ಪೂರ್ವ ವಲಯದ ದರಪಟ್ಟಿಯಂತೆ, ಸ್ಟ್ಯಾಂಡರ್ಡ್ ಪದರದ ಬಾಡಿಗೆ ಒಂದು ಜಿಬಿಗೆ ತಿಂಗಳಿಗೆ ಸುಮಾರು 2.3 ಸೆಂಟ್. 2019ರಲ್ಲಿ ಬಂದ ಗ್ಲೇಸಿಯರ್ ಡೀಪ್ ಆರ್ಕೈವ್‌ನಲ್ಲಿ ಅದು ಸುಮಾರು 0.1 ಸೆಂಟ್. ಇಪ್ಪತ್ತು ಪಟ್ಟಿಗೂ ಮಿಕ್ಕ ಅಂತರ. ಆದರೆ ಡೀಪ್ ಆರ್ಕೈವ್‌ಗೆ ಹೋದ ಫೈಲ್ ವಾಪಸ್ ಬೇಕೆಂದರೆ 12 ಗಂಟೆಯವರೆಗೆ, ಇನ್ನೂ ಅಗ್ಗದ ದಾರಿ ಹಿಡಿದರೆ 48 ಗಂಟೆಯವರೆಗೆ ಕಾಯಬೇಕು. ಉಳಿಯುವ ಹಣ ಕಾಯಲು ಒಪ್ಪಿದ್ದಕ್ಕೆ ಸಿಗುವ ರಿಯಾಯಿತಿ. ಯಾರು, ಯಾವುದಕ್ಕಾಗಿ, ಎಷ್ಟು ಹೊತ್ತು ಕಾಯಬಲ್ಲರು ಎಂಬುದು ಯಾವ ಡಿಸ್ಕಿಗೂ ಗೊತ್ತಿರುವುದಿಲ್ಲ.

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮೇನ್‌ಫ್ರೇಮ್ ಮೇಲೆ ದುಡಿದವರಿಗೆ ಇದರ ಹಳೆಯ ರೂಪ ಚೆನ್ನಾಗಿ ನೆನಪಿರುತ್ತದೆ. ಡೇಟಾಸೆಟ್‌ಗಳ, ಅಂದರೆ ಅಲ್ಲಿನ ಫೈಲುಗಳ, ಪಟ್ಟಿ ತೆರೆದರೆ, ಡಿಸ್ಕಿನ ಹೆಸರು ಇರಬೇಕಾದ ಕಾಲಂನಲ್ಲಿ ‘ಮೈಗ್ರಾಟ್1’ ಅಥವಾ ‘ಮೈಗ್ರಾಟ್2’ ಎಂದಿರುತ್ತದೆ. 1 ಎಂದರೆ ಸಂಕುಚಿತಗೊಂಡು ಇನ್ನೊಂದು ಡಿಸ್ಕಿನಲ್ಲಿದೆ, 2 ಎಂದರೆ ಸಾಮಾನ್ಯವಾಗಿ ಟೇಪಿಗೆ ಹೋಗಿದೆ. ತೆರೆಯಲು ಹೊರಟರೆ ವಾಪಸ್ ಕರೆಸಲಾಗುತ್ತಿದೆ, ಕಾಯಿರಿ ಎಂಬ ಸಂದೇಶ ಬರುತ್ತದೆ. ಐಬಿಎಂನ ಹೈರಾರ್ಕಿಕಲ್ ಸ್ಟೋರೇಜ್ ಮ್ಯಾನೇಜರ್ 1970ರ ದಶಕದಲ್ಲೇ ಶುರು ಮಾಡಿದ ಕೆಲಸವಿದು. 1980ರ ದಶಕದ ಕೊನೆಗೆ ಅದೇ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಡೇಟಾಸೆಟ್ ಹುಟ್ಟುವ ಕ್ಷಣದಲ್ಲೇ ಅದಕ್ಕೆ ಮೂರು ವರ್ಗ ಹಚ್ಚುವ ವ್ಯವಸ್ಥೆ ತಂದಿತು: ಅದರ ಆಕಾರ ಹೇಳುವ ಡೇಟಾ ಕ್ಲಾಸ್, ಎಷ್ಟು ವೇಗ ಬೇಕೆಂದು ಹೇಳುವ ಸ್ಟೋರೇಜ್ ಕ್ಲಾಸ್, ಯಾವಾಗ ಕೆಳಗಿಳಿಸಬೇಕು ಮತ್ತು ಯಾವಾಗ ಅಳಿಸಬೇಕೆಂದು ಹೇಳುವ ಮ್ಯಾನೇಜ್‌ಮೆಂಟ್ ಕ್ಲಾಸ್. ಪ್ರೋಗ್ರಾಮರ್ ಯಾವ ಡಿಸ್ಕ್ ಎಂದು ಕೇಳಬೇಕಿರಲಿಲ್ಲ. ಇದು ಸಂಬಳದ ಫೈಲು, ಇದು ಪರೀಕ್ಷೆಗೆ ಮಾಡಿಕೊಂಡ ತಾತ್ಕಾಲಿಕ ಫೈಲು ಎಂದು ಹೆಸರಿನಿಂದಲೇ ಗುರುತಾದರೆ ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ವ್ಯವಹಾರದ ಭಾಷೆಯಲ್ಲಿ ಹೇಳಿ, ಡಿಸ್ಕಿನ ಭಾಷೆಗೆ ನಾನು ತಿರುಗಿಸಿಕೊಳ್ಳುತ್ತೇನೆ ಎನ್ನುವ ಈ ಯೋಚನೆಯನ್ನು ಇವತ್ತಿಗೂ ಯಾರೂ ಮೀರಿಸಿಲ್ಲ ಎಂದು ನನ್ನ ಎಣಿಕೆ.

ಕಂಪ್ಯೂಟರ್ ಕಾಣುವ ಮುಂಚಿನಿಂದಲೂ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದೇ ಪದ್ಧತಿ ಇದೆ. ಕಡತ ಮುಕ್ತಾಯವಾಗುವಾಗ ಅದಕ್ಕೆ ಎ, ಬಿ, ಸಿ, ಡಿ ಎಂದು ವರ್ಗ ಹಾಕುತ್ತಾರೆ. ಎ ಎಂದರೆ ಶಾಶ್ವತವಾಗಿ ಇಡತಕ್ಕದ್ದು. ಉಳಿದವಕ್ಕೆ ಇಂತಿಷ್ಟು ವರ್ಷ ಎಂದಿದೆ. ರೆಕಾರ್ಡ್ ರೂಮಿನವರು ಆ ಅಕ್ಷರ ನೋಡಿ ಕಪಾಟು ಗೊತ್ತು ಮಾಡುತ್ತಾರೆ, ಅವಧಿ ಮುಗಿದದ್ದನ್ನು ನಾಶದ ಪಟ್ಟಿಗೆ ಸೇರಿಸುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಆ ಅಕ್ಷರ ರೆಕಾರ್ಡ್ ರೂಮಿನಲ್ಲಿ ಹುಟ್ಟುವುದಿಲ್ಲ. ಕಡತವನ್ನು ನಡೆಸಿದ ಶಾಖೆಯಲ್ಲೇ, ಅದರ ತಲೆಬುಡ ಬಲ್ಲ ವಿಷಯ ನಿರ್ವಾಹಕರ ಮೇಜಿನ ಮೇಲೆ ಹುಟ್ಟುತ್ತದೆ.

ಈಗಿನ ಸಾಫ್ಟ್‌ವೇರ್‌ಗಳು ಮಾರಾಟವಾಗುವುದು ಬಹುಮಟ್ಟಿಗೆ ಇದಕ್ಕೆ ಉಲ್ಟಾ ಭರವಸೆಯ ಮೇಲೆ. ‘ನೀವು ಏನೂ ಹೇಳಬೇಕಾಗಿಲ್ಲ, ಬಳಕೆ ನೋಡಿ ನಾವೇ ತಿಳಿದುಕೊಳ್ಳುತ್ತೇವೆ.’ ಪದೇ ಪದೇ ಮುಟ್ಟುವುದು ಬಿಸಿ ಡೇಟಾ, ಮುಟ್ಟದಿರುವುದು ತಣ್ಣಗಿನ ಡೇಟಾ. 2018ರಲ್ಲಿ ಬಂದ ಎಸ್3 ಇಂಟೆಲಿಜೆಂಟ್ ಟಿಯರಿಂಗ್ ಇದರ ಸರಳ ಮಾದರಿ: 30 ದಿನ ಸತತವಾಗಿ ಯಾರೂ ಮುಟ್ಟದ ಫೈಲ್ ಒಂದು ಮೆಟ್ಟಿಲು ಇಳಿಯುತ್ತದೆ, 90 ದಿನವಾದರೆ ಇನ್ನೊಂದು, ಯಾರಾದರೂ ತೆರೆದರೆ ಮೇಲಕ್ಕೆ ಬರುತ್ತದೆ. ಆ ಮೆಟ್ಟಿಲುಗಳಲ್ಲಿ ಕಾಯುವ ಕಾಟವಿಲ್ಲ, ಆದ್ದರಿಂದ ತಪ್ಪಾದರೂ ನಷ್ಟ ಕಡಿಮೆ. ಏನಿದೆಯೆಂದು ಯಾರಿಗೂ ಗೊತ್ತಿಲ್ಲದ ರಾಶಿಗೆ ನಾನೂ ಅದನ್ನೇ ಹೇಳುತ್ತೇನೆ.

ಆದರೆ ಬಳಕೆಯ ಲೆಕ್ಕ ಸುಳ್ಳು ಹೇಳುವ ಸಂದರ್ಭಗಳು ಬಹಳ. ಆಫೀಸಿನ ಫೈಲ್ ಸರ್ವರ್‌ನಲ್ಲಿ ಆ್ಯಂಟಿವೈರಸ್ ಪ್ರತಿ ವಾರ ಎಲ್ಲ ಫೈಲನ್ನೂ ತೆರೆದು ನೋಡುತ್ತದೆ, ಹುಡುಕಾಟದ ಇಂಡೆಕ್ಸ್ ಮಾಡುವ ಸಾಫ್ಟ್‌ವೇರೂ ಕೈಯಾಡಿಸುತ್ತದೆ. ಮನುಷ್ಯರು ವರ್ಷಗಟ್ಟಲೆ ನೋಡದ ಫೈಲೂ ಬಿಸಿಯಾಗಿಯೇ ಕಾಣಬಹುದು. ಅತ್ತ ಕೊನೆಯ ಬಾರಿ ತೆರೆದ ಸಮಯವನ್ನು ಬರೆದಿಡುವುದೇ ಡಿಸ್ಕಿಗೆ ಹೊರೆಯೆಂದು 2009ರಿಂದ ಲಿನಕ್ಸ್ ಅದನ್ನು ಪ್ರತಿ ಸಲ ಬರೆಯುವುದನ್ನು ಬಿಟ್ಟಿದೆ. ದಿನಕ್ಕೊಮ್ಮೆ ಅಥವಾ ಫೈಲ್ ಬದಲಾದಾಗ ಮಾತ್ರ ತಿದ್ದುತ್ತದೆ. ವಿಂಡೋಸ್ ವಿಸ್ತಾದಲ್ಲಂತೂ ಆ ದಾಖಲೆಯನ್ನೇ ನಿಲ್ಲಿಸಿಬಿಟ್ಟಿದ್ದರು. ಇವೆಲ್ಲ ಸರಿಪಡಿಸಬಹುದಾದ ತಾಂತ್ರಿಕ ತೊಡಕುಗಳು. ಬಳಕೆಯ ಲೆಕ್ಕಕ್ಕೆ ನಿನ್ನೆ ಮಾತ್ರ ಗೊತ್ತು, ನಾಳೆ ಗೊತ್ತಿಲ್ಲ ಎಂಬುದು ಇವುಗಳಿಗಿಂತ ಆಳದ ತೊಂದರೆ. ಅದನ್ನು ನಾನು ಸ್ಪಷ್ಟವಾಗಿ ಕಂಡದ್ದು ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯಲ್ಲಿ.

ಅಲ್ಲಿ ಸಿ.ಟಿ. ಸ್ಕ್ಯಾನ್ ಮತ್ತು ಎಂ.ಆರ್.ಐ. ಚಿತ್ರಗಳು ಪ್ಯಾಕ್ಸ್ ಎಂಬ ವ್ಯವಸ್ಥೆಯಲ್ಲಿ ಕೂಡಿಕೊಳ್ಳುತ್ತವೆ. ಸಿ.ಟಿ.ಯ ಒಂದು ಹೋಳು ಚಿತ್ರ ಸಾಮಾನ್ಯವಾಗಿ 512 ಅಡ್ಡ, 512 ಉದ್ದ ಚುಕ್ಕಿಗಳದ್ದು. ಚುಕ್ಕಿಗೆ 2 ಬೈಟ್ ಎಂದರೆ ಅರ್ಧ ಎಂಬಿ. ತೆಳ್ಳನೆ ಹೋಳುಗಳಲ್ಲಿ ಎದೆ, ಹೊಟ್ಟೆ ಎರಡನ್ನೂ ತೆಗೆದರೆ ಸಾವಿರ ಹೋಳು ದಾಟುವುದು ಸುಲಭ. ಒಬ್ಬ ರೋಗಿಯ ಒಂದು ಭೇಟಿಗೇ ಅರ್ಧ ಜಿಬಿ ಹೋಯಿತು. ಜಾಗ ತುಂಬುತ್ತ ಬಂದಾಗ, ಸ್ಟೋರೇಜ್ ಕೊಟ್ಟ ಕಂಪನಿಯವರು 90 ದಿನ ಯಾರೂ ತೆರೆಯದ ಸ್ಕ್ಯಾನ್ ಕ್ಲೌಡ್‌ನ ತಳಪದರಕ್ಕೆ ಹೋಗಲಿ ಎಂದು ನಿಯಮ ಹಾಕಿಕೊಟ್ಟಿದ್ದರು. ಕಾಗದದ ಮೇಲೆ ಉಳಿತಾಯ ಚೆನ್ನಾಗಿಯೇ ಇತ್ತು. ಕೆಲವು ತಿಂಗಳಲ್ಲಿ ರೇಡಿಯಾಲಜಿ ವಿಭಾಗದಿಂದ ದೂರು ಶುರುವಾಯಿತು: ಹಳೆಯ ಚಿತ್ರ ತೆರೆಯುತ್ತಿಲ್ಲ, ಪರದೆಯ ಮೇಲೆ ಖಾಲಿ ಚೌಕ ಬರುತ್ತಿದೆ.

ಯಾವ ರೋಗಿಗಳ ಚಿತ್ರ ಸಿಗುತ್ತಿಲ್ಲ ಎಂದು ಪಟ್ಟಿ ತೆಗೆಸಿ ನೋಡಿದೆವು. ಹೆಚ್ಚಿನವರು ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದವರು. ಅವರಿಗೆ ಮತ್ತೆ ಸ್ಕ್ಯಾನ್ ಆಗುವುದು ಮೂರು ತಿಂಗಳಿಗೆ, ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಗಡ್ಡೆ ಕುಗ್ಗಿದೆಯೋ ಬೆಳೆದಿದೆಯೋ ಎಂದು ಹೇಳಲು ರೇಡಿಯಾಲಜಿಸ್ಟ್‌ಗೆ ಇವತ್ತಿನ ಚಿತ್ರದ ಪಕ್ಕದಲ್ಲಿ ಹಿಂದಿನದು ಬೇಕೇ ಬೇಕು. ಮೂರು ತಿಂಗಳ ನಂತರ ಬನ್ನಿ ಎಂದು ಬರೆದುಕೊಟ್ಟ ರೋಗಿ, ಹಬ್ಬವೋ ಬಸ್ಸಿನ ತೊಂದರೆಯೋ ಆಗಿ ಒಂದು ವಾರ ತಡವಾಗಿ ಬರುತ್ತಾರೆ. ಆ ವಾರದೊಳಗೆ 90 ದಿನ ತುಂಬಿ ಚಿತ್ರ ಕೆಳಗಿಳಿದಿರುತ್ತದೆ. ಅತಿ ಹೆಚ್ಚು ಬೇಕಾದ ಡೇಟಾವನ್ನು, ಬೇಕಾಗುವ ಹೊತ್ತಿಗೆ ಸರಿಯಾಗಿ, ಕೈಗೆ ಸಿಗದ ಜಾಗಕ್ಕೆ ಕಳಿಸುವ ನಿಯಮವಾಗಿತ್ತು ಅದು. ದೂರದ ತಾಲ್ಲೂಕಿನಿಂದ ಬೆಳಗಿನ ಬಸ್ಸು ಹಿಡಿದು ಬಂದವರಿಗೆ ಹಳೇ ರಿಪೋರ್ಟ್ ನಾಳೆ ಸಿಗುತ್ತೆ, ನಾಳೆ ಬನ್ನಿ ಎನ್ನುವುದು ನನಗೆ ಬಹಳ ಬೇಸರ ತಂದ ಸಂಗತಿ.

ಮುಂದಿನ ಸಭೆಗೆ ರೇಡಿಯಾಲಜಿಸ್ಟ್, ಮೆಡಿಕಲ್ ರೆಕಾರ್ಡ್ಸ್ ವಿಭಾಗದ ಮೇಡಂ, ಲೆಕ್ಕಪತ್ರದವರು, ಐಟಿಯ ಹುಡುಗರು ಎಲ್ಲರೂ ಬಂದಿದ್ದರು. ಸ್ಟೋರೇಜ್ ಎಂಬ ಪದವನ್ನೇ ಎತ್ತದೆ ನಾನು ಕೇಳಿದ್ದು ಇಷ್ಟೇ: ‘ಡಾಕ್ಟ್ರೇ, ಒಬ್ಬ ರೋಗಿಯ ಹಳೇ ಸ್ಕ್ಯಾನ್ ನಿಮಗೆ ಯಾವಾಗ ಬೇಕಾಗುತ್ತೆ ಅಂತ ಮುಂಚೆ ಗೊತ್ತಾಗುತ್ತಾ?’ ಅವರು, ‘ಗೊತ್ತಾಗದೆ ಏನು? ನಾಳೆಯ ಅಪಾಯಿಂಟ್‌ಮೆಂಟ್ ಲಿಸ್ಟ್ ಇವತ್ತು ಸಂಜೆನೇ ಇರುತ್ತಲ್ಲ’ ಎಂದರು. ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯಿತು. ಲಿಸ್ಟ್ ಇದ್ದದ್ದು ಆಸ್ಪತ್ರೆಯ ಬಿಲ್ಲಿಂಗ್ ಮತ್ತು ನೋಂದಣಿ ಸಾಫ್ಟ್‌ವೇರ್‌ನಲ್ಲಿ, ಚಿತ್ರಗಳಿದ್ದದ್ದು ಪ್ಯಾಕ್ಸ್‌ನಲ್ಲಿ. ಎರಡಕ್ಕೂ ರೋಗಿಯ ನಂಬರ್ ಒಂದೇ. ನಾಳೆ ಬರುವವರ ಹಳೆಯ ಚಿತ್ರಗಳನ್ನು ಇವತ್ತು ರಾತ್ರಿಯೇ ಮೇಲಿನ ಪದರಕ್ಕೆ ತಂದಿಡುವ ಏರ್ಪಾಡು ಬಹುತೇಕ ಪ್ಯಾಕ್ಸ್‌ಗಳಲ್ಲಿ ಮೊದಲಿನಿಂದ ಇರುವಂಥದ್ದೇ; ಯಾರೂ ಕೇಳಿರಲಿಲ್ಲವಾದ್ದರಿಂದ ಅಲ್ಲಿ ಯಾರೂ ಜೋಡಿಸಿರಲಿಲ್ಲ. ಅಷ್ಟರಿಂದ ಕೆಲಸ ಮುಗಿಯುವುದಿಲ್ಲ, ಅಪಾಯಿಂಟ್‌ಮೆಂಟ್ ಇಲ್ಲದೆ ಬರುವವರೂ ಇದ್ದಾರೆ. ಅದಕ್ಕಾಗಿ ಕ್ಯಾನ್ಸರ್ ವಿಭಾಗದಿಂದ ಕಳಿಸಿದ ಸ್ಕ್ಯಾನ್‌ಗಳು ಎರಡು ವರ್ಷ ಡಿಸ್ಕಿನಲ್ಲೇ ಇರಲಿ ಎಂದು ಡಾಕ್ಟರು ಹೇಳಿದರು. ಕೈ ಮುರಿದವರ ಎಕ್ಸ್-ರೇ? ‘ಮೂಳೆ ಕೂಡಿದ ಮೇಲೆ ನಾವು ನೋಡೋದು ಅಪರೂಪ, ಆರು ತಿಂಗಳು ಸಾಕು.’

ರೆಕಾರ್ಡ್ಸ್ ಮೇಡಂ ಮುಂದಿಟ್ಟ ವಿಷಯ ಇನ್ನೂ ಸೂಕ್ಷ್ಮದ್ದು. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ರೋಗಿಯೋ ಕಾನೂನು ಅಧಿಕಾರಿಗಳೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಗರ್ಭಿಣಿಯರ ಅಲ್ಟ್ರಾಸೌಂಡ್ ದಾಖಲೆಗಳಿಗೆ ಪಿಸಿಪಿಎನ್‌ಡಿಟಿ ಕಾಯ್ದೆಯಡಿ 2 ವರ್ಷ, ಕೇಸು ನಡೆಯುತ್ತಿದ್ದರೆ ಅದು ಇತ್ಯರ್ಥವಾಗುವವರೆಗೆ. ಈ 72 ಗಂಟೆ ಎಂಬ ಅಂಕಿ ಕೇಳಿದ ಕೂಡಲೇ ಪದರದ ಆಯ್ಕೆ ತಾನಾಗಿ ಹೊಳೆಯುತ್ತದೆ. ಚಿಕಿತ್ಸೆ ಪೂರ್ತಿ ಮುಗಿದು, ಕೇವಲ ಕಾನೂನಿಗಾಗಿ ಇಡುವ ದಾಖಲೆಗೆ 48 ಗಂಟೆ ಕಾಯಿಸುವ ಪದರವೂ ನಡೆದೀತು, ಪ್ರತಿ ತೆಗೆದುಕೊಡಲು ಒಂದು ದಿನ ಉಳಿಯುತ್ತದೆ. ಓಪಿಡಿಯಲ್ಲಿ ಕೂತ ಡಾಕ್ಟರಿಗೆ ನಿಮಿಷವೂ ಹೆಚ್ಚು.

ಎಂಎಲ್‌ಸಿ ಪ್ರಕರಣಗಳದ್ದು ಮಾತ್ರ ಕಗ್ಗಂಟಾಯಿತು. ಅಪಘಾತ, ಹಲ್ಲೆ, ವಿಷಪ್ರಾಶನ, ಪೊಲೀಸರಿಗೆ ತಿಳಿಸಲೇಬೇಕಾದ ಕೇಸುಗಳಿವು. ಇವುಗಳ ಚಿತ್ರಗಳು ನ್ಯಾಯಾಲಯದಲ್ಲಿ ಕೇಸು ಮುಗಿಯುವವರೆಗೆ ಅಳಿಯಕೂಡದು. ಇದು ಎಂಎಲ್‌ಸಿ ಎಂದು ಆಸ್ಪತ್ರೆಗೆ ಹೇಗೆ ಗೊತ್ತಾಗುತ್ತದೆ? ಮೇಡಂ ಒಂದು ಕೇಸ್ ಶೀಟ್ ತೋರಿಸಿದರು: ಬಲ ಮೇಲ್ತುದಿಯಲ್ಲಿ ಕೆಂಪು ಮಸಿಯ ರಬ್ಬರ್ ಸ್ಟಾಂಪು. ಅದು ಕಾಗದದ ಮೇಲಷ್ಟೇ ಇತ್ತು. ಕಂಪ್ಯೂಟರಿನ ಯಾವ ಕಾಲಂನಲ್ಲೂ ಇರಲಿಲ್ಲ. ಯಾವ ದುಬಾರಿ ಸಾಫ್ಟ್‌ವೇರ್ ತಂದು ಕೂರಿಸಿದರೂ ಆ ಸ್ಟಾಂಪನ್ನು ಅದು ಓದಲಾರದು. ತುರ್ತು ವಿಭಾಗದ ನೋಂದಣಿ ಪರದೆಯಲ್ಲಿ ಒಂದು ಚೌಕ ಸೇರಿಸಿ, ಎಂಎಲ್‌ಸಿ ಹೌದೋ ಅಲ್ಲವೋ ಎಂದು ಅಲ್ಲಿ ಗುರುತಿಸದೆ ಮುಂದಕ್ಕೆ ಹೋಗದಂತೆ ಮಾಡಿ, ಆ ಗುರುತು ಪ್ಯಾಕ್ಸ್‌ಗೆ ತಲುಪುವಂತೆ ಜೋಡಿಸುವುದರಲ್ಲೇ ಹೆಚ್ಚಿನ ಸಮಯ ಹೋಯಿತು. ನೀತಿ ಆಧಾರಿತ ಸ್ಟೋರೇಜ್ ಎಂದು ಕಂಪನಿಗಳು ಕರೆಯುವುದರ ನಿಜವಾದ ದುಡಿಮೆ ಹೀಗಿರುತ್ತದೆ. ಗುರುತು ಹುಟ್ಟುವ ಮೇಜನ್ನು ಹುಡುಕಿಕೊಂಡು ಹೋಗಬೇಕು.

ಒಳ್ಳೆಯ ನೀತಿ ಹೇಗಿರಬೇಕು ಎಂದು ಕೇಳಿದವರಿಗೆ ನಾನು ಬ್ಯಾಂಕ್ ಲಾಕರಿನ ಉದಾಹರಣೆ ಕೊಡುತ್ತೇನೆ. ರಿಸರ್ವ್ ಬ್ಯಾಂಕ್ 2021ರಲ್ಲಿ ಪರಿಷ್ಕರಿಸಿದ ಸೂಚನೆಯಂತೆ, ಲಾಕರ್ ಕೋಣೆಗೆ ಹೋಗಿಬರುವ ದಾರಿಯ ಸಿಸಿಟಿವಿ ದೃಶ್ಯವನ್ನು ಕನಿಷ್ಠ 180 ದಿನ ಇಡಬೇಕು. ಗ್ರಾಹಕರು ತಮ್ಮ ಅರಿವಿಲ್ಲದೆ ಲಾಕರ್ ತೆರೆಯಲಾಗಿದೆ ಎಂದು ದೂರಿದರೆ, ಅಥವಾ ಕಳವು ಕಂಡುಬಂದರೆ, ಪೊಲೀಸ್ ತನಿಖೆ ಮುಗಿದು ವಿವಾದ ಬಗೆಹರಿಯುವವರೆಗೆ ಅದನ್ನು ಉಳಿಸಬೇಕು. ಯಾವ ಡೇಟಾ, ಎಷ್ಟು ಕಾಲ, ಯಾವುದಾದರೆ ಆ ಕಾಲ ನಿಲ್ಲುತ್ತದೆ, ಎಲ್ಲಿಯವರೆಗೆ ನಿಲ್ಲುತ್ತದೆ, ನಾಲ್ಕೂ ಅದರಲ್ಲಿವೆ. ಡಿಸ್ಕಿನ ಸೊಲ್ಲೇ ಇಲ್ಲ. ಇದನ್ನು ಯಂತ್ರದ ನಿಯಮವಾಗಿ ತಿರುಗಿಸುವಾಗ ಒಂದು ಎಚ್ಚರ ಬೇಕು: ವಿನಾಯಿತಿ ಮೊದಲು ಬರಬೇಕು. ಐಬಿಎಂನ ಜಿಪಿಎಫ್‌ಎಸ್‌ನಂಥ ಫೈಲ್ ಸಿಸ್ಟಂಗಳಲ್ಲಿ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತ, ಮೊದಲು ಹೊಂದಿದ್ದನ್ನೇ ಜಾರಿ ಮಾಡುತ್ತಾರೆ. 180 ದಿನ ದಾಟಿದ್ದನ್ನು ಅಳಿಸು ಎಂಬ ಸಾಲು ಮೇಲಿದ್ದು, ದೂರು ಇದ್ದರೆ ಮುಟ್ಟಬೇಡ ಎಂಬ ಸಾಲು ಕೆಳಗಿದ್ದರೆ, ಎರಡನೆಯದನ್ನು ಓದುವ ಹೊತ್ತಿಗೆ ದೃಶ್ಯ ಉಳಿದಿರುವುದಿಲ್ಲ.

ಉಳಿತಾಯದ ಲೆಕ್ಕದಲ್ಲೂ ಕೆಲವು ಗುಂಡಿಗಳಿವೆ. ತಳಪದರಗಳಿಗೆ ಕನಿಷ್ಠ ವಾಸದ ಅವಧಿ ಇದೆ, ಡೀಪ್ ಆರ್ಕೈವ್‌ನಲ್ಲಿ 180 ದಿನ. ಎರಡು ತಿಂಗಳಿಗೆ ಅಳಿಸಿದರೂ ಆರು ತಿಂಗಳ ಬಾಡಿಗೆ ಕಟ್ಟಬೇಕು. ತಿಂಗಳ ಬ್ಯಾಕಪ್ಪನ್ನು ಅಲ್ಲಿಗೆ ಕಳಿಸಿ ಮೂರನೇ ತಿಂಗಳಿಗೆ ಅಳಿಸುವ ನಿಯಮ ಇಟ್ಟುಕೊಂಡವರನ್ನು ಕಂಡಿದ್ದೇನೆ. ಸಣ್ಣ ಫೈಲುಗಳಿಗೂ ಇದೇ ಪಾಡು. ಎಸ್3ಯ ‘ಅಪರೂಪದ ಬಳಕೆ’ಯ ಪದರದಲ್ಲಿ 128 ಕೆಬಿಗಿಂತ ಚಿಕ್ಕದಕ್ಕೂ 128 ಕೆಬಿಯ ದರವೇ, ಸ್ಕ್ಯಾನ್ ಮಾಡಿದ ಸಣ್ಣ ರಸೀದಿಗಳ ರಾಶಿಯನ್ನು ಅಲ್ಲಿಗೆ ಕಳಿಸಿದರೆ ಬಿಲ್ಲು ಏರಲೂಬಹುದು. ಇನ್ನು ಸ್ಥಳೀಯ ಸರ್ವರ್‌ನಲ್ಲಿ, ಫೈಲಿನ ಹೆಸರನ್ನು ಬಿಟ್ಟು ಒಳಗಿನದನ್ನು ಟೇಪಿಗೆ ಸಾಗಿಸಿದ್ದಾಗ ಯಾರೋ ಇಡೀ ಫೋಲ್ಡರನ್ನು ಆ್ಯಂಟಿವೈರಸ್ ಕೈಗೆ ಕೊಟ್ಟರೆ, ಸಾಗಿಸಿದ್ದೆಲ್ಲ ಒಟ್ಟಿಗೆ ವಾಪಸ್ ಹೊರಡುತ್ತದೆ. ಮೇಲಿನ ಪದರ ಉಕ್ಕಿ ಕಚೇರಿಯ ಕೆಲಸವೇ ನಿಲ್ಲುತ್ತದೆ. ಆಫ್‌ಲೈನ್ ಫೈಲನ್ನು ಮುಟ್ಟಬೇಡ ಎಂಬ ಸೆಟ್ಟಿಂಗ್ ಬಹಳಷ್ಟು ಆ್ಯಂಟಿವೈರಸ್‌ಗಳಲ್ಲಿ ಇರುತ್ತದೆ, ಮೊದಲು ಅದನ್ನು ಹಾಕಿ.

ಅಳಿಸುವುದೂ ಒಂದು ಪದರವೇ ಎಂದು ನಾನು ಬಲವಾಗಿ ನಂಬುತ್ತೇನೆ. ಅಗ್ಗದ ಜಾಗ ಸಿಕ್ಕಿತೆಂದು ಎಲ್ಲವನ್ನೂ ಇಟ್ಟುಕೊಳ್ಳುವ ಅಭ್ಯಾಸ ಇನ್ನು ಮುಂದೆ ನಡೆಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಪಡೆದ ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಡಲು ಹೇಳದಿದ್ದರೆ, ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆನ್ನುತ್ತದೆ. ಇನ್ನೊಂದೆಡೆ ಕಂಪನಿ ಕಾಯ್ದೆ ಲೆಕ್ಕದ ಪುಸ್ತಕಗಳನ್ನು 8 ಹಣಕಾಸು ವರ್ಷ ಇಡಲು ಹೇಳುತ್ತದೆ, ಜಿಎಸ್‌ಟಿ ಕಾನೂನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ ಕಂಪ್ಯೂಟರ್ ಲಾಗ್‌ಗಳನ್ನು 180 ದಿನ. ಒಂದೇ ಗ್ರಾಹಕರ ಹೆಸರು ಈ ಎಲ್ಲದರಲ್ಲೂ ಇರುತ್ತದೆ. ಇನ್‌ವಾಯ್ಸ್‌ನಲ್ಲಿ ಇರಬೇಕು, ಮಾರ್ಕೆಟಿಂಗ್ ಪಟ್ಟಿಯಲ್ಲಿ ಅಳಿಯಬೇಕು. ಎರಡೂ ಒಂದೇ ಫೋಲ್ಡರಿನಲ್ಲಿ ಬೆರೆತು ಕೂತಿದ್ದರೆ ಯಂತ್ರ ಕೈಚೆಲ್ಲುತ್ತದೆ. ಅಳಿಸುವ ಪಟ್ಟಿಗೆ ಐಟಿಯ ಹುಡುಗನ ಸಹಿ ಹಾಕಿಸುವುದು ಅನ್ಯಾಯ. ಆ ಡೇಟಾ ಯಾರ ವಿಭಾಗದ್ದೋ ಅವರೇ ಸಹಿ ಹಾಕಬೇಕು.

ನಿಯಮ ಬರೆದ ಕೂಡಲೇ ಜಾರಿ ಮಾಡಬೇಡಿ. ಒಳ್ಳೆಯ ಸಾಫ್ಟ್‌ವೇರ್‌ಗಳಲ್ಲಿ ಏನನ್ನೂ ಕದಲಿಸದೆ, ಏನೇನು ಕದಲಿಸುತ್ತಿದ್ದೆ ಎಂದು ಪಟ್ಟಿ ಕೊಡುವ ಪರೀಕ್ಷಾ ವಿಧಾನವಿರುತ್ತದೆ. ಆಸ್ಪತ್ರೆಯಲ್ಲಿ ಒಂದು ತಿಂಗಳು ಆ ಪಟ್ಟಿಯನ್ನು ದಿನವೂ ರೇಡಿಯಾಲಜಿ ವಿಭಾಗಕ್ಕೆ ಕಳಿಸಿದೆವು. ಮಕ್ಕಳ ಹೃದಯದ ಸ್ಕ್ಯಾನ್‌ಗಳು ಕೆಳಗಿಳಿಯುವ ಸಾಲಿನಲ್ಲಿರುವುದನ್ನು ಅಲ್ಲಿನ ಟೆಕ್ನಿಷಿಯನ್ ಒಬ್ಬರು ಹಿಡಿದರು. ಆ ಮಕ್ಕಳು ವರ್ಷಗಳವರೆಗೆ ಬರುತ್ತಲೇ ಇರುತ್ತಾರೆಂದು ಸಭೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಪತ್ರ ಬರೆದವರಲ್ಲಿ ಸಣ್ಣ ಕಚೇರಿಗಳವರೂ ಬಹಳ ಇದ್ದೀರಿ. ನಿಮ್ಮದು ಒಟ್ಟು ಎರಡು ಮೂರು ಟಿಬಿ ಇದ್ದರೆ ಈ ಯಾವ ಸಾಫ್ಟ್‌ವೇರೂ ಬೇಡ; ದೊಡ್ಡದೊಂದು ಡಿಸ್ಕ್ ಕೊಂಡು, ಎರಡನೆಯ ಪ್ರತಿಯನ್ನು ಬೇರೆ ಕಟ್ಟಡದಲ್ಲಿಡಿ. ಸಾಗಾಟದಿಂದ ಉಳಿಯುವ ಹಣಕ್ಕಿಂತ ಅದನ್ನು ನೋಡಿಕೊಳ್ಳುವವರ ಸಂಬಳವೇ ಹೆಚ್ಚಾದೀತು. ಆದರೆ ಫೋಲ್ಡರುಗಳನ್ನು ಇವತ್ತಿನಿಂದಲೇ ಬೇರ್ಪಡಿಸಿ: ಕಾನೂನಿಗಾಗಿ ಇಡುವುದು, ಕೆಲಸಕ್ಕೆ ಬೇಕಾದದ್ದು, ಗ್ರಾಹಕರ ವೈಯಕ್ತಿಕ ಮಾಹಿತಿ. ಒಂದೊಂದರ ಮೇಲೂ ಎಷ್ಟು ವರ್ಷ, ಯಾರನ್ನು ಕೇಳಬೇಕು ಎಂದು ಬರೆದಿಡಿ. ಇಪ್ಪತ್ತು ಟಿಬಿ ಆದ ದಿನ ಯಾವ ಕಂಪನಿಯವರು ಬಂದರೂ ಆ ಹಾಳೆಯನ್ನು ಅವರ ಮುಂದಿಟ್ಟು ಮಾತು ಶುರು ಮಾಡಬಹುದು.